ಸೊನ್ನೆ ಮೇಡಂ ಬರೆಸಿದ ನಿಯಮ

ನಮ್ಮ ಶಿಕ್ಷಕರ ತರಬೇತಿ ಕಾಲೇಜಿನ ಗಣಿತದ ಮೇಡಂಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಸೊನ್ನೆ ಮೇಡಂ. ಆ ಹೆಸರು ಅಂಟಿಕೊಂಡದ್ದು ಒಂದು ಪರೀಕ್ಷಾ ಪಾಠದ ದಿನ.

ಕಾಲೇಜಿನ ಕಾಂಪೌಂಡಿನೊಳಗೇ ನಮ್ಮದೊಂದು ಚಿಕ್ಕ ಶಾಲೆ ಇದೆ. ಮೇಷ್ಟ್ರಾಗಲು ಬಂದವರು ಅಲ್ಲಿಯ ಮಕ್ಕಳ ಮುಂದೆ ಪಾಠ ಮಾಡಿ ತೋರಿಸಬೇಕು, ಉಪನ್ಯಾಸಕರಾದ ನಾವು ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕಬೇಕು. ಎಲ್ಲರೂ ಆರಿಸಿಕೊಳ್ಳುವುದು ಅದೇ ಭಿನ್ನರಾಶಿ ಪಾಠ, ಮಡಚುವುದು ಅದೇ ಬಣ್ಣದ ಕಾಗದ. ಮಕ್ಕಳಿಗೆ ಅದು ಬಾಯಿಪಾಠವಾಗಿ ಹೋಗಿತ್ತು. ಆ ದಿನವಂತೂ ವಿದ್ಯಾರ್ಥಿ ಕಾಗದ ಕೈಗೆತ್ತಿಕೊಳ್ಳುವ ಮೊದಲೇ ಇಡೀ ತರಗತಿ "ಅರ್ಧ" ಎಂದು ಕೂಗಿತು. ನಾವೆಲ್ಲ ಮುಸಿಮುಸಿ ನಕ್ಕೆವು. ಮೇಡಂ ನಗಲಿಲ್ಲ. ಎದ್ದು ಹೋಗಿ ಒಂದು ಮಗುವಿನ ಕೈಗೆ ದಾರದ ತುಂಡು ಕೊಟ್ಟು, "ಇದರಲ್ಲಿ ಅರ್ಧ ತೋರ್ಸು ಪುಟ್ಟಾ" ಎಂದರು. ಮಗು ಪಿಳಿಪಿಳಿ ಕಣ್ಣು ಬಿಟ್ಟಿತು.

"ಮಕ್ಕಳೆಲ್ಲ ಸರಿಯಾಗೇ ಉತ್ತರ ಹೇಳಿದ್ರಲ್ಲ ಮೇಡಂ," ಎಂದು ವಿದ್ಯಾರ್ಥಿ ಗೋಗರೆದ.

"ಹೇಳಿದ್ರಪ್ಪ. ನೀನು ಬರದೇ ಇದ್ದಿದ್ರೂ ಹೇಳ್ತಿದ್ರು," ಎಂದು ಮೇಡಂ ಸೊನ್ನೆ ಹಾಕಿದರು.

ಶಾಲೆಯ ಪಠ್ಯಕ್ರಮವನ್ನೂ ಶಿಕ್ಷಕರ ತರಬೇತಿಯನ್ನೂ ಹೊಸದಾಗಿ ರೂಪಿಸಲು ಸರ್ಕಾರ ಸಮಿತಿ ಮಾಡಿದಾಗ ಅವರನ್ನೂ ಕರೆದರು. ಉಳಿದವರು ದೊಡ್ಡ ದೊಡ್ಡ ಮಾತುಗಳನ್ನು ಬರೆಸಿದರೆ ಇವರು ಬರೆಸಿದ್ದು ಒಂದೇ ನಿಯಮ: ಶಿಕ್ಷಕರನ್ನು ತಯಾರು ಮಾಡುವವರೂ ವರ್ಷಕ್ಕೊಂದು ತಿಂಗಳು ಯಾವುದಾದರೂ ಸಾಮಾನ್ಯ ಸರ್ಕಾರಿ ಶಾಲೆಯಲ್ಲಿ, ಪರಿಚಯವಿಲ್ಲದ ಮಕ್ಕಳಿಗೆ ಪಾಠ ಮಾಡಬೇಕು. ನಮಗೆಲ್ಲ ಮೈ ಉರಿಯಿತು. ಬೋಧನಾ ವಿಧಾನಗಳನ್ನು ಅರೆದು ಕುಡಿದವರಿಗೆ ಇದೆಂಥ ಶಿಕ್ಷೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾರಾಡಿದವನು ನಾನೇ. ಸಮಿತಿಯ ಅಧ್ಯಕ್ಷರು ಜಾಣರು. ಮೊದಲು ಮೇಡಂ ಹೋಗಿ ಬರಲಿ, ಫಲ ಕಂಡರೆ ನಿಯಮ ಉಳಿಯಲಿ, ಇಲ್ಲದಿದ್ದರೆ ಕೈಬಿಡೋಣ ಎಂದರು.

ಮೇಡಂ ಹೋದರು. ಊರಂಚಿನ ಶಾಲೆ, ನಾಲ್ಕನೇ ತರಗತಿ. ಅಲ್ಲಿ ಕಿಟಕಿ ಪಕ್ಕ ಕೂರುವ ಒಬ್ಬ ಹುಡುಗಿಯ ಲೆಕ್ಕದಲ್ಲಿ ಎರಡಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ ಎರಡನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದು. ಮೇಡಂ ಕಾಗದ ಮಡಚಿದರು, ಕಡ್ಡಿ ಮುರಿದರು, ಲೋಟದಲ್ಲಿ ನೀರು ಅಳೆದರು. ಹುಡುಗಿ ಹೂಂ ಎನ್ನುತ್ತಿದ್ದಳು. ಮರುದಿನ ಬೆಳಿಗ್ಗೆ ಮತ್ತೆ ಅದೇ ಉತ್ತರ. ಹಿಂದಿನ ಬೆಂಚಿನ ಕೆಲವರದೂ ಹೆಚ್ಚುಕಡಿಮೆ ಅದೇ ಕಥೆ. ನೋಡನೋಡುತ್ತಿದ್ದಂತೆ ತಿಂಗಳು ಮುಗಿಯಿತು.

ಸಮಿತಿಯ ಮುಂದೆ ಮಾತಾಡಬೇಕಾದ ದಿನದ ಹಿಂದಿನ ಸಂಜೆ ಅವರು ಊಟ ಮುಟ್ಟಲಿಲ್ಲವಂತೆ. ಅವರ ಜೊತೆಗೇ ಇರುವ ಅಕ್ಕ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು, ಆಮೇಲೆ ನನಗೆ ಹೇಳಿದ್ದು ಇದು.

"ಸುಳ್ಳು ಹೇಳು ಅಂತಿಲ್ಲ ಕಣೇ," ಎಂದಿದ್ದರು ಅಕ್ಕ. "ಕಲಿತ ಮಕ್ಕಳ ವಿಷಯ ಹೇಳು, ಆ ಹುಡುಗಿ ಸುದ್ದಿ ಎತ್ತಬೇಡ. ನಿನ್ನ ನಿಯಮ ಉಳ್ಕೊಳ್ಳುತ್ತೆ."

"ಆಗ ನಾನೂ ಬಾಯಿಪಾಠದ ಮಕ್ಕಳನ್ನೇ ತೋರಿಸಿದ ಹಾಗಾಗುತ್ತಲ್ಲಕ್ಕ," ಎಂದರಂತೆ ತಂಗಿ.

ನಾವೂ ಕೇಳಲು ಹೋಗಿದ್ದ ಆ ಸಭೆಯಲ್ಲಿ ಮೇಡಂ ಒಂದನ್ನೂ ಮುಚ್ಚಿಡಲಿಲ್ಲ. "ಕೆಲವು ಮಕ್ಕಳಿಗೆ ಕಲಿಸೋಕೆ ಈ ಒಂದು ತಿಂಗಳಲ್ಲಿ ನನ್ನಿಂದ ಆಗಲಿಲ್ಲ. ಯಾಕೆ ಅಂತ ನನಗಿನ್ನೂ ತಿಳಿದಿಲ್ಲ. ಕಾಲೇಜಲ್ಲೇ ಕೂತಿದ್ರೆ ಇದು ನನಗೆ ಗೊತ್ತೂ ಆಗ್ತಿರಲಿಲ್ಲ," ಎಂದರು. ಕೊನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇವರ ಕೈಲೇ ಆಗದ ಮೇಲೆ ಬೇರೆಯವರ ಪಾಡೇನು ಎಂದು ಅಧ್ಯಕ್ಷರು ಆ ನಿಯಮಕ್ಕೆ ಅಡ್ಡಗೆರೆ ಎಳೆದರು. ನಮಗೆಲ್ಲ ಹಾಯೆನಿಸಿತು. ಮೇಡಂ ಮುಖ ಕಂಡು ನನಗೆ ಸಂಕಟವಾದದ್ದೂ ನಿಜ.

ಮರುದಿನದಿಂದ ಅವರು ರಜೆ ಹಾಕಿದರು. ವಾರ ಕಳೆದರೂ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಕರೆದುಕೊಂಡು ಬನ್ನಿ ಎಂದು ಪ್ರಿನ್ಸಿಪಾಲರು ನನ್ನನ್ನು ಅಟ್ಟಿದರು. ಮನೆಗೆ ಹೋದರೆ ಅಕ್ಕ ಆ ಊರಂಚಿನ ಶಾಲೆಯ ದಾರಿ ತೋರಿಸಿದರು. ನಾನು ತಲುಪುವಷ್ಟರಲ್ಲಿ ಶಾಲೆ ಬಿಟ್ಟಾಗಿತ್ತು. ನಾಲ್ಕನೇ ತರಗತಿಯಲ್ಲಿ ಮಾತ್ರ ಕೆಲವು ಮಕ್ಕಳು ಉಳಿದಿದ್ದರು. ಮೇಡಂ ಕಿಟಕಿ ಪಕ್ಕದ ಬೆಂಚಿನಲ್ಲಿ ಆ ಹುಡುಗಿಗೆ ಒತ್ತಿಕೊಂಡು ಕೂತಿದ್ದರು.

"ಒಂದು ತಿಂಗಳಲ್ಲಿ ಆಗಲಿಲ್ಲ ಅಂದೆ ಸರ್. ಆಗೋದೇ ಇಲ್ಲ ಅಂತ ಯಾವಾಗ ಅಂದೆ?" ಎಂದರು.

"ಈಗ ಬಂತಾ ಇವಳಿಗೆ?"

"ಇವತ್ತು ಬಂದಿದೆ. ನಾಳೆ ಇರುತ್ತೋ ನೋಡ್ಬೇಕು." ಹಿಂದಿನ ಬೆಂಚಿನತ್ತ ಕೈ ತೋರಿಸಿದರು. "ಹೇಗೂ ಬಂದಿದೀರಿ. ಅವರನ್ನ ಸ್ವಲ್ಪ ನೋಡ್ಕೊಳ್ಳಿ, ನಾನು ಇವಳ ಜೊತೆ ಇರ್ತೀನಿ."

ಹೋಗಿ ಕೂತೆ. ಕಲಿಸುವುದು ಹೇಗೆ ಎಂದು ಜೀವಮಾನವಿಡೀ ಉಪನ್ಯಾಸ ಕೊಟ್ಟವನು ನಾನು. ಮಕ್ಕಳು ಮುಖವೆತ್ತಿ ಕಾಯುತ್ತಿದ್ದರು. ಬಾಯಿ ತೆರೆದೆ, ಮೊದಲ ಮಾತು ಏನಿರಬೇಕೆಂದು ಹೊಳೆಯಲಿಲ್ಲ.