ನಮ್ಮವರೆಂದು ಹಾಕಿದ ಗ್ಯಾಸ್ಕೆಟ್

ಬಾನೆಟ್ಟಿನೊಳಗಿಂದ ಬೆಳ್ಳಗೆ ಹಬೆ ಏಳುತ್ತಿರುವಾಗ ಕಾರಿನಲ್ಲಿ ಕೂತವರು ಏನು ಮಾಡಬೇಕು? ನನ್ನ ಮಗಳು ಸುಜಾತ ಸ್ಟಿಯರಿಂಗಿಗೆ ಹಣೆ ಒತ್ತಿ ಕೂತಳು. ನಾನು ಬಯ್ಯಲು ಶುರು ಮಾಡಿದೆ.

ಯಾರನ್ನು ಎಂದು ಕೇಳಬೇಡಿ. ಆಗ ನನಗೂ ಗೊತ್ತಿರಲಿಲ್ಲ. ಹೆಸರು ಆಮೇಲೆ ಸಿಕ್ಕಿತು.

ದುಬೈಯಿಂದ ಅಬುಧಾಬಿಗೆ ಹೋಗುವ ದೊಡ್ಡ ರಸ್ತೆ. ಬೆಳಗಿನ ಹೊತ್ತೇ ಆದರೂ ಹೊರಗೆ ಕಾಲಿಟ್ಟರೆ ಒಲೆಯ ಬಾಯಿಗೆ ಮುಖ ಕೊಟ್ಟಂತೆ. ಸುಜಾತಳಿಗೆ ಅಬುಧಾಬಿಯ ಖಲೀಫಾ ಸಿಟಿಯ ಒಂದು ಶಾಲೆಯ ಲ್ಯಾಬಿನಲ್ಲಿ ಕೆಲಸ. ನಾವಿರುವುದು ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ. (ಅಷ್ಟು ದೂರ ಯಾಕೆ ಎಂದು ಕೇಳುವವರು ಖಲೀಫಾ ಸಿಟಿಯಲ್ಲಿ ಒಂದು ಮನೆ ಹುಡುಕಿ ನೋಡಿ.) ಖಲೀಫಾ ಸಿಟಿಯಲ್ಲೇ ನನ್ನ ಹಳೆಯ ಗೆಳತಿಯೊಬ್ಬಳೂ ಇದ್ದಾಳೆ. ಆಗಾಗ ಮಗಳ ಜೊತೆ ಹೋಗಿ, ಅವಳ ಮನೆಯಲ್ಲಿ ಕೂತು, ಸಂಜೆ ಮಗಳ ಜೊತೆಗೇ ಬರುತ್ತೇನೆ. ಹಾಗಾಗಿ ಆ ದಿನ ಕಾರಿನಲ್ಲಿ ನಾನೂ ಇದ್ದೆ.

"ಅಮ್ಮ, ಐ ಆಮ್ ಫಿನಿಶ್ಡ್," ಎಂದಳು ಸುಜಾತ.

ಅವಳ ಮಾತು ಸುಳ್ಳಲ್ಲ. ಪ್ರೊಬೇಷನ್ ಮುಗಿಯಲು ಸ್ವಲ್ಪವೇ ಬಾಕಿ. ಇದೇ ಕಾರು ಇದಕ್ಕೆ ಮೊದಲು ಕೈಕೊಟ್ಟು ತಡವಾದಾಗ ಶಾಲೆಯ ದೊಡ್ಡ ಮೇಡಂ ಕರೆದು, ಇನ್ನೊಮ್ಮೆ ಹೀಗಾದರೆ ಖಾಯಂ ಮಾಡುವ ಮಾತು ಬಿಡು ಎಂದಿದ್ದರು. ಅವಳ ವೀಸಾ ಕೆಲಸದ ಮೇಲೆ, ನನ್ನ ವೀಸಾ ಅವಳ ಮೇಲೆ. ಕೆಲಸ ಹೋದರೆ ತಾಯಿ ಮಗಳು ಒಟ್ಟಿಗೇ ಪೆಟ್ಟಿಗೆ ಕಟ್ಟಬೇಕು. (ಅಳಿಯ ಎನ್ನುವವನು ಇಲ್ಲ. ಅದು ಈ ವಾರದ ಅಂಕಣದ ವಿಷಯವಲ್ಲ.)

"ಮುಗಿದದ್ದು ಕಾರು, ನೀನಲ್ಲ. ಟ್ಯಾಕ್ಸಿ ಹಿಡಿ. ಹೋಗು," ಎಂದೆ.

ಹೋದಳು. ಶಾಲೆಯ ಗೇಟು ಹಾಕುವ ಮೊದಲು ಒಳಗೆ ನುಗ್ಗಿದಳಂತೆ. ನಾನು ಕಾರಿನ ಜೊತೆ, ಕೆಟ್ಟ ಕಾರು ಹೊತ್ತೊಯ್ಯುವ ರಿಕವರಿ ಗಾಡಿ ಹತ್ತಿದೆ. ಅದನ್ನು ಓಡಿಸುತ್ತಿದ್ದ ಪಠಾಣ, "ಅಮ್ಮಾಜಿ, ಕಹಾಂ?" ಎಂದು ಕೇಳಿದ.

ಮತ್ತೆಲ್ಲಿಗೆ? ದುಬೈಯ ಅಲ್ ಕೂಜ್. ಭೋಜ ಎಂಬವನ ಗ್ಯಾರೇಜ್.

ಭೋಜ ನಮ್ಮವ. ನಮ್ಮ ಊರಿನ ಪಕ್ಕದ ಊರು, ನಮ್ಮದೇ ತುಳು. ನಾನು ಅಲ್ ಕೂಜಿನಲ್ಲಿ ಗ್ಯಾರೇಜಿನವರಿಗೆ ಊಟದ ಮೆಸ್ ನಡೆಸುತ್ತಿದ್ದ ಕಾಲದಲ್ಲಿ ಅವನು ಹೊಸದಾಗಿ ಬಂದ ಮೆಕ್ಯಾನಿಕ್. ಎರಡು ಹೊತ್ತೂ ನನ್ನ ಕೈಯ ಅನ್ನ. ಈಗ ಸ್ವಂತ ಗ್ಯಾರೇಜ್, ಬಾಗಿಲ ಮೇಲೆ ದೊಡ್ಡ ಬೋರ್ಡು. ಇಲ್ಲಿರುವ ನಮ್ಮೂರಿನವರ ಕಾರೆಲ್ಲ ಅವನಲ್ಲಿಗೇ. ಬೇರೆ ಕಡೆ ಕೊಂಡುಹೋದರೆ ಮದುವೆ ಮನೆಯಲ್ಲಿ ಎದುರು ಸಿಕ್ಕಾಗ ಮುಖ ತೋರಿಸುವುದು ಹೇಗೆ?

ಅದರ ಹಿಂದಿನ ತಿಂಗಳಷ್ಟೇ ಈ ಕಾರಿಗೆ ಹೆಡ್ ಗ್ಯಾಸ್ಕೆಟ್ ಹಾಕಿಕೊಟ್ಟವನು ಅವನೇ.

ಹೆಡ್ ಗ್ಯಾಸ್ಕೆಟ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಾರಿನ ಎಂಜಿನ್ನಿನ ಕೆಳಗಿನ ಭಾಗ ಕಬ್ಬಿಣ, ಮೇಲಿನ ತಲೆ ಅಲ್ಯೂಮಿನಿಯಂ. ನಡುವೆ ಒಂದು ತೆಳ್ಳಗಿನ ಹಾಳೆ. ಬೆಂಕಿ, ನೀರು, ಎಣ್ಣೆ ಮೂರೂ ಒಂದಕ್ಕೊಂದು ಸೇರದ ಹಾಗೆ ತಡೆಯುವುದು ಆ ಹಾಳೆ. ಅದು ಹೋದರೆ ನೀರು ಖಾಲಿ, ಎಂಜಿನ್ ಬಿಸಿ, ದಾರಿಯಲ್ಲಿ ಹಬೆ. ಕಬ್ಬಿಣ ಬಿಸಿಗೆ ಹಿಗ್ಗುವುದು ಕಮ್ಮಿ, ಅಲ್ಯೂಮಿನಿಯಂ ಹಿಗ್ಗುವುದು ಜಾಸ್ತಿ. ಎರಡರ ನಡುವೆ ಸಿಕ್ಕಿಕೊಂಡ ಹಾಳೆ ದಿನಾ ಉಜ್ಜಿಸಿಕೊಳ್ಳುತ್ತದೆ. ಕಾಯ್ದ ಅಲ್ಯೂಮಿನಿಯಂ ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದು ನೋಡಿ, ತಳ ಉಬ್ಬಿ ಅಲ್ಲಾಡುತ್ತದೆ. ಎಂಜಿನ್ನಿನ ತಲೆಯದೂ ಅದೇ ಜಾತಿ.

ಇದನ್ನೆಲ್ಲ ನನಗೆ ಹೇಳಿದ್ದು ಯಾರು ಗೊತ್ತೇ? ಇದೇ ಭೋಜ. ನನ್ನ ಮೆಸ್ಸಿನಲ್ಲಿ ಕೂತು, ಮೀನುಸಾರು ಸುರಿದುಕೊಳ್ಳುತ್ತ.

"ಬನ್ನಿ ಅಕ್ಕ, ಬನ್ನಿ! ಚಾ ತರಿಸ್ಲಾ?" ಎಂದು ಕುರ್ಚಿ ಎಳೆದು ಕೊಟ್ಟ. ಕಾರು ನೋಡಿ ತಲೆ ಅಲ್ಲಾಡಿಸಿದ. "ಈ ಊರಿನ ಸೆಕೆ ಅಕ್ಕ. ಎಂಥ ಎಂಜಿನ್ನೂ ತಡ್ಕೊಳ್ಳುದಿಲ್ಲ."

ಸೆಕೆಯಂತೆ! ರಸ್ತೆಯಲ್ಲಿ ಸಾಲುಸಾಲು ಕಾರು ಓಡುತ್ತಿದ್ದವು. ಅವಕ್ಕೆಲ್ಲ ಬೇರೆ ಸೂರ್ಯನೇ?

ಕೂತಲ್ಲೇ ಪಕ್ಕದ ಮೇಜು ನೋಡಿದೆ. ಯಾರದೋ ಎಂಜಿನ್ನಿನ ತಲೆ, ತೊಳೆದ ಬೆಳ್ಳಿ ತಟ್ಟೆಯಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಕಪ್ಪು ಹಾಳೆ. ಕೈ ಚಾಚಿದೆ.

"ಮುಟ್ಬೇಡಿ ಅಕ್ಕ! ಕೈ ಎಣ್ಣೆ ತಾಗಿದ್ರೆ, ಗೀರು ಬಿದ್ರೆ ಹಾಳು."

"ಎಂತದಿದು?"

"ಸ್ಟೀಲಿನ ಗ್ಯಾಸ್ಕೆಟ್. ಪದರ ಪದರ ಉಂಟು. ಇದಕ್ಕೆ ಗೋಂದು ಗೀಂದು ಎಂತದೂ ಹಚ್ಲಿಕ್ಕಿಲ್ಲ, ಒಣಗಿದ್ದೇ ಕೂರಿಸ್ಬೇಕು. ಆದ್ರೆ ಹೆಡ್ಡಿನ ಮುಖ ಕನ್ನಡಿ ಹಾಗೆ ಇರ್ಬೇಕು. ಅದಕ್ಕೆ ಮೆಷಿನ್ ಶಾಪಿಗೆ ಕಳ್ಸಿ ಸಮ ಮಾಡಿಸಿದ್ದು. ಎಷ್ಟು ಸವರಿದಾರೆ ಅಂತ ನೋಡಿ, ಅದಕ್ಕೆ ಸರಿಯಾದ ದಪ್ಪದ್ದೇ ಆರಿಸಿ ತಂದದ್ದು." ಹೇಳುವಾಗ ಮುಖದಲ್ಲಿ ಏನು ಹೆಮ್ಮೆ!

"ನಮ್ಮ ಕಾರಿಗೂ ಇದೇ ಹಾಕಿದ್ದಲ್ವಾ?"

ಭೋಜ ಚಾದ ಲೋಟ ನೋಡಿದ.

"ನಿಮ್ದಕ್ಕೆ ಬೇರೆ ಅಕ್ಕ. ಮಾಮೂಲಿದು. ಎರಡು ಬದಿ ಸಿಲಿಕಾನ್ ಗೋಂದು ಹಚ್ಚಿ ಕೂರಿಸಿದ್ದು. ಗಟ್ಟಿ ಇರ್ಲಿ ಅಂತ."

"ಕಂಪೆನಿಯವರು ಯಾವುದು ಹಾಕಲಿಕ್ಕೆ ಹೇಳಿದ್ದು?"

"ಸ್ಟೀಲಿಂದೇ."

"ಮತ್ತೆ ಹೆಡ್ಡಿನ ಮುಖ ಸಮ ಉಂಟಾ ಅಂತ ಉಕ್ಕಿನ ಪಟ್ಟಿ ಇಟ್ಟು ನೋಡಿದ್ಯಾ?"

"ಇಲ್ಲ ಅಕ್ಕ, ಅರ್ಜೆಂಟ್ ಇತ್ತಲ್ಲ."

"ಇದು ಯಾರದ್ದು?" ಮೇಜು ತೋರಿಸಿದೆ.

"ಅದೊಂದು ಆಫೀಸಿನ ಗಾಡಿ. ಅವ್ರು ಭಾರೀ ಕಿರಿಕ್. ಒಂದೊಂದೂ ಕೇಳ್ತಾರೆ, ಹಳೆ ಸಾಮಾನು ತೋರಿಸು ಅಂತಾರೆ. ನೀವು ಹಾಗಲ್ಲ ಅಕ್ಕ. ನೀವು ನಮ್ಮವ್ರು. ಬೇಗ ಆಗ್ಲಿ, ಖರ್ಚು ಉಳೀಲಿ ಅಂತ ನಾನೇ ಅಡ್ಜಸ್ಟ್ ಮಾಡಿ ಕೊಟ್ಟದ್ದು."

ನಾನು ಚಾ ಕೆಳಗಿಟ್ಟೆ.

ಓದುಗರೇ, ನೀವೇ ಹೇಳಿ. ಗೊತ್ತಿಲ್ಲದೆ ಮಾಡಿದ್ದರೆ ಪಾಪ ಎನ್ನಬಹುದಿತ್ತು. ಇವನಿಗೆ ಎಲ್ಲ ಗೊತ್ತು. ಗೊತ್ತಿದ್ದದ್ದನ್ನು ಹೊರಗಿನವರಿಗೆಂದು ಎತ್ತಿಟ್ಟು, ಅರ್ಧಂಬರ್ಧ ಕೆಲಸವನ್ನು ನಮಗೆ ಪ್ರೀತಿಯಿಂದ ಬಡಿಸಿದ್ದಾನೆ! ಮೇಲಿಂದ ಅದು ಉಪಕಾರ. ನಾವು ಥ್ಯಾಂಕ್ಸ್ ಹೇಳಿ ಬಂದಿದ್ದೇವೆ. ಸುಜಾತ ಅವನ ಹೆಂಡತಿಗೆ ಒಂದು ಡಬ್ಬಿ ಚಟ್ಟಂಬಡೆಯನ್ನೂ ಕೊಟ್ಟು ಬಂದಿದ್ದಾಳೆ.

"ಈಗಲೇ ಬಿಚ್ಚು," ಎಂದೆ.

"ಅಯ್ಯೋ, ಆರ್ಬೇಕು ಅಕ್ಕ. ಬಿಸಿ ಇರುವಾಗ ಬೋಲ್ಟ್ ಬಿಚ್ಚಿದ್ರೆ ಅಲ್ಯೂಮಿನಿಯಂ ಹೆಡ್ ಬೆಂಡ್ ಆಗ್ತದೆ."

"ಹೋದ ತಿಂಗಳು ಆರಿತ್ತಾ?"

ಭೋಜ ಬಾನೆಟ್ ಎತ್ತಿ ಒಳಗೆ ಬಗ್ಗಿದ. ಆ ಸಲ ಬೆಳಿಗ್ಗೆ ತಂದ ಕಾರನ್ನು ಸಂಜೆಗೆ ಕೊಟ್ಟಿದ್ದ. ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಓಡಾಡಿ, ಖಲಾಸ್ ಎಂದು ಬಾನೆಟ್ ಮುಚ್ಚಿದ್ದ. ನಮ್ಮ ಭೋಜ ಎಷ್ಟು ಫಾಸ್ಟ್ ಎಂದು ಸುಜಾತ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಮರುದಿನ ಪುನಃ ಹೋಗಿ ಅದೇ ಕುರ್ಚಿಯಲ್ಲಿ ಕೂತೆ. ಬಿಚ್ಚಿದರೆ ಒಳಗೆ ಏನು ಚಂದ! ಹಚ್ಚಿದ ಸಿಲಿಕಾನ್ ಅಂಚಿನಿಂದ ಉಕ್ಕಿ, ಕೆಂಪಗೆ ಹೆಪ್ಪುಗಟ್ಟಿ, ನೀರು ಹೋಗುವ ಒಂದು ತೂತಿಗೇ ಬಿರಡೆ ಹಾಕಿದ ಹಾಗೆ ಕೂತಿತ್ತು. ಹಳೆಯ ಗ್ಯಾಸ್ಕೆಟ್ಟಿನ ಚೂರು ಬೇಗ ಹೋಗಲೆಂದು ಉಜ್ಜುವ ಚಕ್ರ ಹಿಡಿದಿದ್ದನಂತೆ, ಮೆತ್ತಗಿನ ಅಲ್ಯೂಮಿನಿಯಂ ಮೈಮೇಲೆ ಸುತ್ತುಸುತ್ತು ಗೀರು. ಉಕ್ಕಿನ ಪಟ್ಟಿ ಅಡ್ಡ ಇಟ್ಟ. ಪಟ್ಟಿಯ ಕೆಳಗಿಂದ ಬೆಳಕು ಕಂಡಿತು. ನನ್ನ ಕನ್ನಡಕದ ಕಣ್ಣಿಗೇ ಕಂಡಿತು ಎಂದ ಮೇಲೆ ಅವನಿಗೆ ಕಾಣದೆ ಇರುತ್ತದೆಯೇ?

"ಬೆಂಡ್ ಆಗಿದೆ ಅಕ್ಕ," ಎಂದ ಸಣ್ಣ ಸ್ವರದಲ್ಲಿ.

"ಭೋಜ, ಒಂದು ಉಪಕಾರ ಮಾಡು. ಇವತ್ತಿನಿಂದ ನಾನು ನಿನ್ನ ಅಕ್ಕ ಅಲ್ಲ. ನಾನೂ ಒಂದು ಆಫೀಸು."

ಅವನ ಮುಖ ಬಾಡಿತು. ಬಾಡಲಿ! ನನ್ನ ಮಗಳು ಅದೇ ಹೊತ್ತಿಗೆ ಬಸ್ಸು, ಮೆಟ್ರೊ, ಮತ್ತೆ ಬಸ್ಸು, ಕೊನೆಗೆ ಟ್ಯಾಕ್ಸಿ ಎಂದು ನಸುಕಿಗೇ ಎದ್ದು ಓಡುತ್ತಿದ್ದಳು. ಅವಳ ಮುಖ ಎಷ್ಟು ಬಾಡಿತ್ತು ಎಂದು ಇವನು ನೋಡಿದ್ದಾನೆಯೇ?

ನಮ್ಮ ಕಾರಿನ ಹೆಡ್ಡೂ ಮೆಷಿನ್ ಶಾಪಿಗೆ ಹೋಯಿತು. ಬಿರುಕು ಇಲ್ಲವೆಂದು ನೋಡಿ, ಮುಖ ಸಮ ಮಾಡಿಸಿಕೊಂಡು ಬಂದಿತು. ಕೆಳಗಿನ ಕಬ್ಬಿಣದ ಮುಖವನ್ನೂ ಒರೆಸಿ, ಪಟ್ಟಿ ಇಟ್ಟು ನೋಡಿದ. ಬೋಲ್ಟಿನ ತೂತುಗಳಲ್ಲಿ ನಿಂತ ನೀರನ್ನು ಗಾಳಿ ಹೊಡೆದು ತೆಗೆದ. ಸ್ಟೀಲಿನ ಗ್ಯಾಸ್ಕೆಟ್ಟನ್ನು ಒಣಗಿದ್ದನ್ನೇ ಕೂರಿಸಿದ. ಈ ಎಂಜಿನ್ನಿನ ಬೋಲ್ಟು ಒಮ್ಮೆ ಬಿಗಿದರೆ ಎಳೆದು ಉದ್ದವಾಗುವ ಜಾತಿ, ಎರಡನೇ ಸಲ ಹಾಕಬಾರದಂತೆ. ಅದನ್ನೂ ಅವನೇ ಹೇಳಿದ, ಅವನೇ ಹೊಸತು ತಂದ. (ಹಿಂದಿನ ಸಲ ಹಾಕಿದ್ದು ಹಳೆಯದನ್ನೇ. ಕೇಳಬೇಕೇ?) ನಡುವಿನಿಂದ ಹೊರಗೆ, ಅಳತೆ ತೋರಿಸುವ ಉದ್ದ ಹಿಡಿಯ ಪಾನಾ ಹಿಡಿದು, ಹಂತಹಂತವಾಗಿ ಬಿಗಿದ. ಎಷ್ಟು ಚಂದದ ಕೆಲಸ ಮಾರಾಯ್ರೆ! ಇಂಥ ಕೈ ಇಟ್ಟುಕೊಂಡು ನಮಗೆ ಗೋಂದು ಹಚ್ಚಿದ್ದನಲ್ಲ ಎಂದು ಸಿಟ್ಟು ಇನ್ನೂ ಏರಿತು.

ಭೋಜ ಒಬ್ಬನ ಮಾತಲ್ಲ ಇದು. ನಮ್ಮವನೇ ಎಂದು ಹೊಲಿಯಲು ಕೊಟ್ಟ ರವಿಕೆ ತೋಳಿನಲ್ಲಿ ಬಿಗಿ. ನಮ್ಮವನೇ ಹುಡುಕಿಕೊಟ್ಟ ಮನೆಯ ಏಸಿ ತಣ್ಣಗಾಗುವುದಿಲ್ಲ. ನಮ್ಮವರೇ ಅಡುಗೆ ಎಂದು ಕರೆಸಿದರೆ ಸಾರಿನಲ್ಲಿ ನೀರು ಜಾಸ್ತಿ. ಕೇಳುವ ಹಾಗಿಲ್ಲ. ಕೇಳಿದರೆ, ನಮ್ಮಲ್ಲೂ ಹೀಗೆ ಕೇಳುವುದಾ ಎಂದು ಬೇಸರ. ಊರು ಬಿಟ್ಟು ಬಂದವರು ಒಬ್ಬರಿಗೊಬ್ಬರು ಆಗಬೇಕು, ಸರಿ. ಆಗುವುದು ಎಂದರೆ ಇದೇನಾ? ಹೊರಗಿನವನ ಎದುರು ನಡುಗುವ ಕೈ ನಮ್ಮವರ ಎದುರು ಸಡಿಲವಾಗುವುದು ಯಾವ ಸೀಮೆಯ ಪ್ರೀತಿ?

ಸುಜಾತಳನ್ನೂ ಕೇಳಿದೆ, "ಹೋದ ಸಲವೇ ಹಳೇ ಗ್ಯಾಸ್ಕೆಟ್ ತೋರಿಸಿ ಅಂತ ಕೇಳ್ಲಿಕ್ಕೆ ನಿನಗೆ ಎಂತ ಆಗಿತ್ತು?"

"ಅಮ್ಮ, ಹೌ ಕ್ಯಾನ್ ಐ ಆಸ್ಕ್? ಭೋಜಣ್ಣ ಅಲ್ವಾ!"

ಭೋಜಣ್ಣ ಎಂಬ ಮುಲಾಜಿಗೆ ಮಗಳು ನಡುರಸ್ತೆಯಲ್ಲಿ ನಿಂತಳು.

ಈಗ ಕಾರು ದಿನವೂ ಖಲೀಫಾ ಸಿಟಿಗೆ ಹೋಗಿಬರುತ್ತಿದೆ. ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿರುತ್ತದೆ. ಸುಜಾತಳ ಪ್ರೊಬೇಷನ್ ಮುಗಿಯಿತು, ಕೆಲಸ ಖಾಯಂ ಆಯಿತು. ನಾನೂ ಪೆಟ್ಟಿಗೆ ಕಟ್ಟಬೇಕಾಗಿಲ್ಲ.

ಆದರೆ ಊರಿನವರ ವಾಟ್ಸಾಪ್ ಗುಂಪಿನಲ್ಲಿ ನನ್ನದೇ ಸುದ್ದಿ. ನಮ್ಮ ಹುಡುಗನ ಗ್ಯಾರೇಜಿನಲ್ಲಿ ಪೊಲೀಸಿನ ಹಾಗೆ ಕುರ್ಚಿ ಹಾಕಿ ಕೂತಳಂತೆ, ವಯಸ್ಸಾದ ಮೇಲೆ ನಂಬಿಕೆಯೇ ಹೋಗಿದೆಯಂತೆ. ಮಗಳು ಓದಿ ಹೇಳಿದಳು. ಗುಂಪಿನ ಒಬ್ಬರಾದರೂ ಕಾರು ಹೇಗಿದೆ ಎಂದು ಕೇಳಿದ್ದಾರೆಯೇ? ಇಲ್ಲ.

ಹೋದ ಭಾನುವಾರ ಒಂದು ಸೀಮಂತದ ಊಟದಲ್ಲಿ ಭೋಜ ಸಿಕ್ಕಿದ. ಎಲೆಯ ಮುಂದೆ ನನ್ನ ಪಕ್ಕದಲ್ಲೇ ಕೂತ. ಪಾಯಸ ಬರುವವರೆಗೆ ತಡೆದುಕೊಂಡ. ಆಮೇಲೆ ಹೇಳಿದ, "ಏನೇ ಹೇಳಿ, ನೀವು ಹೊರಗಿನವರ ಹಾಗೆ ಮಾಡಿಬಿಟ್ರಿ ಅಕ್ಕ."

"ಹೌದು ಮಾರಾಯ," ಎಂದೆ. "ಅದಕ್ಕೇ ಕಾರು ಓಡ್ತಾ ಉಂಟು."