ಎವರಿಸ್ಟೊನ ಹಿತ್ತಲ ಬೇಲಿ

ಲೋಡಾಯ್ ಊರಿನ ಸುತ್ತಲಿನ ಯಾವ ದ್ರಾಕ್ಷಿ ತೋಟದ ಯಜಮಾನನಾದರೂ "ಹೊಸ ತಳಿ ತಂದಿದೀನಿ" ಅಂದ ಕೂಡಲೇ ಕಸಿ ಕಟ್ಟುವ ಎವರಿಸ್ಟೊನ ಎಡಗಣ್ಣು ಕಿರಿದಾಗುತ್ತದೆ. ಕಡ್ಡಿಯನ್ನು ಮೂಸುತ್ತಾನೆ, ಬಿಸಿಲಿಗೆ ಹಿಡಿಯುತ್ತಾನೆ, ಕಳ್ಳಮಾಲು ತಂದವನನ್ನು ನೋಡುವಂತೆ ಯಜಮಾನನನ್ನು ನೋಡಿ, "ಇದು ಎಷ್ಟು ವರ್ಷಕ್ಕೆ ಸಾಹೇಬ್ರೆ?" ಎನ್ನುತ್ತಾನೆ. ಯಾರೇ ಆಗಲಿ, ಕೊಡುವ ಉತ್ತರ ಒಂದೇ: "ಇದು ಶಾಶ್ವತ ಕಣಯ್ಯಾ." ಆ ಶಾಶ್ವತಗಳನ್ನೆಲ್ಲ ಕತ್ತರಿಸಿದ್ದು ಅವನದೇ ಗರಗಸ. ಅಜ್ಜಂದಿರ ಕಾಲದ ಕರಿನ್ಯಾನ್ ದ್ರಾಕ್ಷಿ ಯಾರಿಗೂ ಬೇಡವೆಂದು ಅದರ ತಲೆ ಹಾರಿಸಿ ಮೆರ್ಲೊ ತಳಿ ಕಟ್ಟಿದ. ಮೆರ್ಲೊ ಹಳತಾಯಿತೆಂದು ಅದೇ ಬುಡಕ್ಕೆ ಪಿನೋ ಕಟ್ಟಿದ. ಈಗ ಕುಡಿಯುವವರಿಗೆ ಹೆಸರೇ ಕೇಳದ ದ್ರಾಕ್ಷಿ ಬೇಕಂತೆ, ಕರಿನ್ಯಾನ್ ವೈನಿಗೆ ಶಹರದಲ್ಲಿ ಜನ ಮುಗಿಬೀಳುತ್ತಿದ್ದಾರಂತೆ! ಎವರಿಸ್ಟೊ ನಂಬಲಿಲ್ಲ, ಅಂಗಡಿಗೇ ಹೋಗಿ, ಅಡಿಯಲ್ಲಿ ಮೆರ್ಲೊ ಚೀಟಿ ಅಡಗಿದೆಯೇನೋ ಎಂದು ಬಾಟಲಿಯ ಮೇಲಿನ ಕರಿನ್ಯಾನ್ ಚೀಟಿಯನ್ನು ಉಗುರಿನಿಂದ ಕೆರೆದು ನೋಡಿ ಬಂದ. ಮೊನ್ನೆ ಗ್ರಾಂಟ್ ಎಂಬ ಹೊಸ ಯಜಮಾನ ಮನೆ ಬಾಗಿಲಿಗೇ ಬಂದು, "ಹಳೇ ಕರಿನ್ಯಾನ್ ಕಡ್ಡಿ ಎಲ್ಲಾದ್ರೂ ಸಿಗುತ್ತಾ?" ಎಂದು ಅಂಗಲಾಚಿದ. "ನಂಗೇನ್ ಗೊತ್ತು?" ಎಂದು ಎವರಿಸ್ಟೊ ಬಾಗಿಲು ಹಾಕಿಕೊಂಡ. ಹೆಂಡತಿ ಒತೀಲಿಯಾ ಗದರಿದಳು: "ಅಲ್ರೀ, ಕತ್ತರಿಸಿದ ಒಂದೊಂದು ತಳೀದೂ ಒಂದೊಂದು ಕಡ್ಡಿ ತಂದು ಹಿತ್ತಲ ಬೇಲಿ ತುಂಬಾ ಹಬ್ಬಿಸಿದೀರಿ. ನಾಲ್ಕು ಕಡ್ಡಿ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?" ಎವರಿಸ್ಟೊ ಹಿತ್ತಲಿಗೆ ಹೋಗಿ, ಬೇಲಿಯ ಕರಿನ್ಯಾನ್ ಬಳ್ಳಿಯನ್ನು ಸವರುತ್ತ, ಹಿಂದೆಯೇ ಬಂದ ಹೆಂಡತಿಗೆ ಮೆಲ್ಲಗೆ ಹೇಳಿದ: "ಕೊಡಬಹುದು ಕಣೇ. ಆದ್ರೆ ಇನ್ನು ಹತ್ತು ವರ್ಷಕ್ಕೆ ಅದನ್ನ ಕತ್ತರಿಸೋಕೂ ನನ್ನನ್ನೇ ಕರೀತಾರೆ."