ಬಂದೂಕಿಗೊಂದು ಜಾಗ

ಮನೆಯೆಂದ ಮೇಲೆ ಎಲ್ಲಿಡಬೇಕೆಂದು ತಿಳಿಯದ ಪದಾರ್ಥ ಒಂದಾದರೂ ಇದ್ದೇ ಇರುತ್ತದೆ. ಕೆಲವರಿಗೆ ಒದ್ದೆ ಕೊಡೆ, ಕೆಲವರಿಗೆ ಮಡಿಸಲು ಬಾರದ ಇಸ್ತ್ರಿ ಮೇಜು, ಇನ್ನು ಕೆಲವರಿಗೆ ಭಾವಮೈದುನ. ಎಂಬತ್ತರ ದಶಕದ ಕೊನೆಯಲ್ಲಿ, ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನ್‌ನಲ್ಲಿದ್ದ ನಮ್ಮ ಮನೆಯಲ್ಲಿ ಆ ಪದವಿ ಒಂದು ಪಂಪ್-ಆ್ಯಕ್ಷನ್ ಬಂದೂಕಿಗೆ ಸಂದಿತ್ತು. ನಗಬೇಡಿ. ಜಿರಳೆಯ ಮೇಲೆ ಪೊರಕೆ ಎತ್ತುವಾಗಲೂ ಕಣ್ಣು ಮುಚ್ಚಿಕೊಳ್ಳುವ ನನ್ನಂಥ ಪರಾಕ್ರಮಿಯ ಕೈಗೆ ಅದು ಬಂದದ್ದಾದರೂ ಹೇಗೆಂದು ಹೇಳಿಬಿಡುತ್ತೇನೆ.

ಆಗ ನನಗೆ ಕೆಲಸ ನಾರ್ತ್ ಸಿಡ್ನಿಯ ಒಂದು ಕಂಪ್ಯೂಟರ್ ಕಚೇರಿಯಲ್ಲಿ. ಸೋಮವಾರ ಬೆಳಗಿನ ಮೊದಲ ವಿಮಾನ ಹತ್ತಿದರೆ ಮನೆಗೆ ಮರಳುವುದು ಶುಕ್ರವಾರ. ನಡುವಿನ ದಿನಗಳಲ್ಲಿ ನನ್ನ ಹೆಂಡತಿ ವಿಶಾಲಾಕ್ಷಿ ಆ ಮನೆಯಲ್ಲಿ ಒಬ್ಬಳೇ. ಹೀಗಿರಲು ಒಂದು ಮಧ್ಯಾಹ್ನ ತರಕಾರಿ ತಂದು ಬಾಗಿಲು ತೆರೆದವಳಿಗೆ ಹಿತ್ತಿಲ ಕಿಟಕಿ ಒಡೆದಿರುವುದು ಕಂಡಿತು. ವೀಸಿಆರ್ ಹೋಗಿತ್ತು, ಅವಳಮ್ಮ ಕೊಟ್ಟ ಬೆಳ್ಳಿಯ ದೀಪಗಳೂ ಹೋಗಿದ್ದವು. ಅಂದಿನಿಂದ ಅವಳ ಕಣ್ಣಿಗೆ ನಿದ್ದೆ ಹತ್ತಲಿಲ್ಲ. "ನಂಗಿಲ್ಲಿ ಆಗಲ್ಲ ರೀ. ನನ್ನ ಮೈಸೂರಿಗೆ ಕಳಿಸ್ಬಿಡಿ," ಎಂದಳು. ಅತ್ತು ಕೂಗಾಡಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಮೆಲ್ಲಗೆ, ಯೋಚಿಸಿ ಹೇಳಿದ್ದಳು. ನನಗೆ ಅವಳಿಲ್ಲದ ಮನೆಗೆ ಶುಕ್ರವಾರ ಬಂದಿಳಿಯುವುದನ್ನು ನೆನೆಯಲೂ ಆಗಲಿಲ್ಲ.

ಆದರೆ ನಾನು ಇಂಜಿನಿಯರ್. ಯಾವ ಸಂಕಟ ಬಂದರೂ ಅದಕ್ಕೊಂದು ಉಪಕರಣ ಇದ್ದೇ ಇರುತ್ತದೆಂಬುದು ನಮ್ಮ ಕುಲದ ಅಚಲವಾದ ಶ್ರದ್ಧೆ. ಬಂದೂಕಿನ ಲೈಸೆನ್ಸ್‌ಗಾಗಿ ಕಾರಣ ಕೇಳಿದಾಗ, ಬೆಳ್ಳುಳ್ಳಿಯ ಸಿಪ್ಪೆಯೂ ಹೊಸ್ತಿಲು ದಾಟದ ಮನೆತನದಲ್ಲಿ ಹುಟ್ಟಿದ ನಾನು ಪಕ್ಕದ ಬಯಲಿನ ನಿರಪರಾಧಿ ಮೊಲಗಳ ಮೇಲೆ ದೂರು ಹೇಳಿದೆ. ಕುದುರೆ ಪಳಗಿಸಿ ನಿವೃತ್ತರಾಗಿದ್ದ ನೆರೆಮನೆಯ ಕೆವಿನ್ ಅಂಕಲ್ ಗುರುಗಳಾದರು. ಭುಜಕ್ಕೆ ಆನಿಸುವ ಮರದ ಹಿಡಿ ನನ್ನ ತೋಳಿನ ಅಳತೆಗೆ ಉದ್ದವಾಯಿತೆಂದು ಅದನ್ನು ಕತ್ತರಿಸಿ ಮೋಟು ಮಾಡಿಸಿದರು. ಭುಜ ಉಳಿಯಲೆಂದು ಹಿಂಬದಿಗೆ ರಬ್ಬರಿನ ಮೆತ್ತೆ ಹಾಕಿಸಿದರು. ಮುಂದಿನ ಹಿಡಿಯನ್ನು ಹಿಂದೆಳೆದು ಮುಂದೆ ತಳ್ಳಿದಾಗ ಬರುವ ಆ ಚಕ್-ಚಕ್ ಸದ್ದಿಗೇ ಕಳ್ಳ ಓಡುತ್ತಾನೆಂದು ಅಂಗಡಿಯವನು ಭರವಸೆ ಕೊಟ್ಟ. ಕಳ್ಳನ ವಿಷಯ ಗೊತ್ತಿಲ್ಲ, ಮೊದಲ ಸಲ ಆ ಸದ್ದಿಗೆ ಎರಡು ಹೆಜ್ಜೆ ಹಿಂದೆ ಸರಿದವನು ನಾನೇ.

ಇನ್ನು ಜಾಗದ ಪ್ರಶ್ನೆ. ಬಂದೂಕು ಮಲಗುವ ಕೋಣೆಯ ಬೀಗದ ಬೀರುವಿಗೆ ಹೋಯಿತು. ತೋಟಾಗಳು ಬೇರೆ ಕಡೆ ಇರಬೇಕಾದ್ದರಿಂದ ಅವು ಗರಾಜಿನ ಬೀಗದ ಪೆಟ್ಟಿಗೆಗೆ. ಬೀರುವಿನ ಬೀಗದಕೈ ದೇವರ ಮಂಟಪದ ಕೆಳಗೆ. ಆದರೆ ಸ್ನಾನ ಮಾಡದೆ ಮಂಟಪ ಮುಟ್ಟುವಂತಿಲ್ಲ. ಒಟ್ಟಿನಲ್ಲಿ ಕಳ್ಳ ಬಂದರೆ ಅವನನ್ನು ಕೂರಿಸಿ, ಕಾಫಿ ಕೊಟ್ಟು, "ಈಗ ಬಂದೆ" ಎಂದು ಬಚ್ಚಲಿಗೆ ಹೋಗಬೇಕಿತ್ತು. ಇಷ್ಟೆಲ್ಲ ಏರ್ಪಾಡು ಮಾಡಿ, ವಿಶಾಲುವಿಗೆ ಒಮ್ಮೆ ವಿವರಿಸಿ, ನಿಶ್ಚಿಂತೆಯಿಂದ ನಾನು ಸಿಡ್ನಿಗೆ ಹಾರಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಸೂಟ್‌ಕೇಸನ್ನು ಬಾಗಿಲವರೆಗೆ ತಂದುಕೊಟ್ಟಿದ್ದಳು.

ಅಷ್ಟರಲ್ಲಿ ನವರಾತ್ರಿ ಬಂತು. ಆ ವರ್ಷ ಆಯುಧಪೂಜೆ ಭಾನುವಾರ. ಸ್ಕ್ರೂಡ್ರೈವರು, ಈಳಿಗೆಮಣೆ, ಕಾರಿನ ಕೀಗಳಿಗೆ ಕುಂಕುಮ ಹಚ್ಚಿ ಆಯುಧವೆಂದು ಮರ್ಯಾದೆ ಕೊಡುತ್ತಿದ್ದ ನಮ್ಮ ವಂಶದಲ್ಲಿ ಮೊದಲ ಬಾರಿಗೆ ನಿಜವಾದ ಆಯುಧವೊಂದು ಮಣೆಯೇರಿತು. ನಾನು ಅದು ಖಾಲಿಯಿದೆಯೆಂದು ಮತ್ತೆ ಮತ್ತೆ ನೋಡಿ ಕೊಟ್ಟೆ. ಹೆಗಲಿಗೆ ತಗುಲಿಸುವ ಚರ್ಮದ ಪಟ್ಟಿ ದೇವರ ಮುಂದೆ ಬೇಡವೆಂದು ವಿಶಾಲು ಅದನ್ನು ಬಿಚ್ಚಿಸಿದಳು. ನಳಿಗೆಗೆ ಗಂಧ, ರಬ್ಬರಿನ ಮೆತ್ತೆಗೆ ಅರಿಶಿನ, ಬಾಯಿಗೆ ಹಿತ್ತಿಲ ಗುಲಾಬಿ. ಊಟಕ್ಕೆ ಬಂದ ಕೆವಿನ್ ಅಂಕಲ್ ಅಲಂಕೃತ ಬಂದೂಕನ್ನು ಕಂಡು ಏನೂ ಕೇಳದೆ ಟೋಪಿ ತೆಗೆದು ನಿಂತರು.

ಅವರು ಹೋದ ಮೇಲೆ ಬಟ್ಟೆ ತುಂಬಿಕೊಳ್ಳಲು ನನ್ನ ಸೂಟ್‌ಕೇಸ್ ಹುಡುಕಿದೆ. ಬಂದೂಕಿನ ಪಕ್ಕದಲ್ಲೇ ಇತ್ತು. ಮುಚ್ಚಳದ ಮೇಲೆ ಕುಂಕುಮ, ಹಿಡಿಕೆಗೆ ಹೂವು. ಪೂಜೆಗಿಟ್ಟ ವಸ್ತುವನ್ನು ವಿಜಯದಶಮಿಯ ಮರುಪೂಜೆ ಆಗುವ ತನಕ ಕದಲಿಸುವಂತಿಲ್ಲವೆಂಬುದು ನಿಮಗೂ ಗೊತ್ತು. ವಿಮಾನವೋ ಸೋಮವಾರ ನಸುಕಿನಲ್ಲೇ.

"ಇದನ್ಯಾಕೆ ಇಟ್ಟೆ, ವಿಶಾಲೂ?"

"ನಿಮ್ಮ ಆಯುಧ ಅದೇ ಅಲ್ವಾ," ಎಂದಳು. ಆಮೇಲೆ ನನ್ನ ಮುಖ ನೋಡದೆ, ಆರತಿ ತಟ್ಟೆ ಒರೆಸುತ್ತ, "ಗುಂಡು ಹಾರ್ಸೋ ಧೈರ್ಯ ನಂಗಿದ್ದಿದ್ರೆ ಭಯಾನೇ ಆಗ್ತಿರ್ಲಿಲ್ಲ ರೀ. ಅವತ್ತು ಕಿಟಕಿ ನೋಡ್ತಿದ್ದ ಹಾಗೇ 'ರೀ' ಅಂತ ಕೂಗ್ದೆ. ಕೂಗಿದ್ಮೇಲೆ ನೆನಪಾಯ್ತು, ನೀವು ಮನೇಲಿಲ್ಲ ಅಂತ. ನೀವ್ ನೋಡಿದ್ರೆ ಬಂದೂಕು ತಂದ್ಕೊಟ್ಟು ಹೊರಟುಬಿಟ್ರಿ," ಎಂದಳು.

ಇಷ್ಟು ದಿನ ಅವಳಿಗೆ ಬೇಕಾದ ಉಪಕರಣ ಯಾವುದೆಂದು ಹುಡುಕುತ್ತ ನಾನು ಅಂಗಡಿ ಅಂಗಡಿ ಸುತ್ತಿದ್ದೆನಲ್ಲ!

ಮರುದಿನ ಸಿಡ್ನಿಗೆ ಫೋನ್ ಮಾಡಿ, ಪೆಟ್ಟಿಗೆಗೆ ಪೂಜೆಯಾಗಿರುವುದರಿಂದ ಬರಲಾಗುವುದಿಲ್ಲವೆಂದು ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ವಿವರಿಸಲು ಹೊರಟು ಸೋತೆ. ಕೊನೆಗೆ "ಫ್ಯಾಮಿಲಿ" ಎಂದೆ, ಅವರಿಗೆ ತಕ್ಷಣ ಅರ್ಥವಾಯಿತು. ಮುಂದೆ ಮೆಲ್ಬರ್ನಿನಲ್ಲೇ ಅದಕ್ಕಿಂತ ಚಿಕ್ಕದೊಂದು ಕೆಲಸ ಹಿಡಿದೆ. ಬಂದೂಕು ಒಂದು ಮೊಲಕ್ಕೂ ತೊಂದರೆ ಕೊಡದೆ ಬೀರುವಿನಲ್ಲೇ ಇದ್ದು, ತೊಂಬತ್ತರ ದಶಕದಲ್ಲಿ ಸರ್ಕಾರ ಕಾನೂನು ಬದಲಿಸಿ, ದುಡ್ಡು ಕೊಟ್ಟು ಅಂಥವನ್ನೆಲ್ಲ ವಾಪಸು ಪಡೆದಾಗ ಹೊರಟುಹೋಯಿತು. ಅದರ ಜಾಗದಲ್ಲಿ ಈಗ ಕಂಬಳಿಗಳಿವೆ.

ನನಗೆ ಹೆಚ್ಚು ನೆನಪಿರುವುದು ಆ ವಿಜಯದಶಮಿಯ ಮಧ್ಯಾಹ್ನ. ಊಟವಾಗಿತ್ತು. ನಾನು ಪೇಪರ್ ಹಿಡಿದು ಸೋಫಾದ ಒಂದು ತುದಿಯಲ್ಲಿ ಕೂತಿದ್ದೆ. ಏನೋ ಹೇಳುತ್ತಿದ್ದ ವಿಶಾಲು ಮಾತಿನ ನಡುವೆಯೇ ನಿದ್ದೆ ಹೋದಳು. ಹಾಳೆ ತಿರುಗಿಸಿದರೆ ಸದ್ದಾದೀತೆಂದು ನಾನು ಸಂಜೆಯವರೆಗೂ ಒಂದೇ ಪುಟ ಓದುತ್ತ ಕೂತೆ.